ಫೋಟೊ ಕ್ಯಾಟಲಾಗ್ ಪ್ರಾಜೆಕ್ಟ್: ಹೊರಗಿನ ಲೈಬ್ರರಿಗಳು ರೆಪೊ ಒಳಗೆ ಬಂದವು

ಈ ಸಲ ತೋರಿಸಲು ಹೊಸ ಫೀಚರ್ ಏನೂ ಇಲ್ಲ. ಬೇರೆಯವರು ಬರೆದ ಲೈಬ್ರರಿಗಳನ್ನು (ನಮ್ಮ ಪ್ರೋಗ್ರಾಂ ಬಳಸುವ ಸಿದ್ಧ ಕೋಡ್) ರೆಪೊ ಒಳಗೆ, ಅಂದರೆ ಗಿಟ್‌ನಲ್ಲಿ ನಮ್ಮ ಪ್ರಾಜೆಕ್ಟಿನ ಕೋಡ್ ಮತ್ತು ಅದರ ಹಿಸ್ಟರಿ ಇರುವ ಜಾಗಕ್ಕೆ, ತರುವುದರಲ್ಲೇ ಸಮಯ ಹೋಯಿತು. ನಾವು ಮೂವರು, ಮೂವರದೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್. ಇಲ್ಲಿಯವರೆಗೆ ಅವರವರ ಮಷೀನ್‌ನಲ್ಲಿ ಯಾವ ವರ್ಷನ್ ಇತ್ತೋ ಅದರಲ್ಲೇ ಬಿಲ್ಡ್ (ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿ) ಆಗುತ್ತಿತ್ತು. ಒಬ್ಬರ ಹತ್ತಿರ ಓಡಿದ್ದು ಇನ್ನೊಬ್ಬರ ಹತ್ತಿರ ಲೈಬ್ರರಿಗಳನ್ನು ಜೋಡಿಸುವ ಲಿಂಕ್ ಹಂತದಲ್ಲೇ ನಿಂತುಬಿಡುತ್ತಿತ್ತು. ರೆಪೊದ ಪ್ರತಿ ಇಳಿಸಿಕೊಂಡರೆ (ಕ್ಲೋನ್ ಮಾಡಿದರೆ) ಸಾಕು, ಬೇರೇನೂ ಹುಡುಕದೆ ಬಿಲ್ಡ್ ಆಗಬೇಕು. ಇದೇ ನಮ್ಮ ಗುರಿ.

ನಮಗೆ ಬೇಕಾದದ್ದು ಎಸ್‌ಕ್ಯೂಲೈಟ್ (ಡೇಟಾಬೇಸ್), ಜೀಲಿಬ್ (ಡೇಟಾ ಕುಗ್ಗಿಸಲು), ಎಸ್‌ಟಿಬಿ ಇಮೇಜ್ (ಚಿತ್ರದ ಫೈಲ್ ಓದಲು), ಎಸ್‌ಡಿಎಲ್ 2 (ವಿಂಡೋ, ಗ್ರಾಫಿಕ್ಸ್‌ಗೆ). ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಂಡೆವು: ರೆಡಿ ಡಿಎಲ್‌ಎಲ್ ಫೈಲುಗಳನ್ನು (ಮೊದಲೇ ಬಿಲ್ಡ್ ಆದ ಬೈನರಿ ಲೈಬ್ರರಿ) ಕಮಿಟ್ ಮಾಡುವುದಿಲ್ಲ, ಅಂದರೆ ರೆಪೊ ಹಿಸ್ಟರಿಗೆ ಸೇರಿಸುವುದಿಲ್ಲ. ಬೈನರಿ ಫೈಲಿನ ಎರಡು ವರ್ಷನ್‌ಗಳ ವ್ಯತ್ಯಾಸವನ್ನಷ್ಟೇ ಚಿಕ್ಕದಾಗಿ ಇಟ್ಟುಕೊಳ್ಳುವುದು ಗಿಟ್‌ಗೆ ಕಷ್ಟ. ಹಳೆಯದನ್ನು ಡಿಲೀಟ್ ಮಾಡಿದರೂ ಅದು ಹಿಸ್ಟರಿಯಲ್ಲಿ ಉಳಿಯುತ್ತದೆ, ಮುಂದೆ ಕ್ಲೋನ್ ಮಾಡುವವರೆಲ್ಲ ಅದನ್ನೂ ಹೊತ್ತುಕೊಂಡು ಹೋಗಬೇಕು. ಗಿಟ್‌ಹಬ್ 50 ಎಂಬಿ ದಾಟಿದ ಫೈಲಿಗೆ ಎಚ್ಚರಿಕೆ ಕೊಡುತ್ತದೆ, 100 ಎಂಬಿ ದಾಟಿದರೆ ಪುಶ್ ಮಾಡಲು (ಅಲ್ಲಿಗೆ ಕಳಿಸಲು) ಬಿಡುವುದೇ ಇಲ್ಲ. ಆದರೆ ನನಗೆ ಸೈಜ್‌ಗಿಂತ ಜಾಸ್ತಿ ತಲೆನೋವು ಅನ್ನಿಸಿದ್ದು ಬೇರೆ: ಆ ಡಿಎಲ್‌ಎಲ್ ಯಾವ ಸೋರ್ಸ್‌ನಿಂದ ಬಂತು ಅಂತ ಆಮೇಲೆ ಹೇಳಲು ಯಾರಿಗೂ ಆಗುವುದಿಲ್ಲ.

ಎಸ್‌ಕ್ಯೂಲೈಟ್ ಮತ್ತು ಎಸ್‌ಟಿಬಿ ಸುಲಭ. ಎಸ್‌ಕ್ಯೂಲೈಟ್‌ನ ಇಡೀ ಕೋಡ್ ಒಂದೇ ದೊಡ್ಡ ಸಿ ಫೈಲ್ ಆಗಿಯೂ ಸಿಗುತ್ತದೆ, ಎಸ್‌ಟಿಬಿ ಇಮೇಜ್ ಅಂತೂ ಒಂದೇ ಹೆಡರ್. ತಂದು ಇಟ್ಟೆವು, ಮುಗೀತು.

ಫೋಲ್ಡರ್‌ಗೆ ಸುಮ್ನೆ ‘ಲಿಬ್’ ಅಂತ ಹೆಸರಿಡಬಹುದಿತ್ತು, ಇಡಲಿಲ್ಲ. ನಮ್ಮ ರೆಪೊದಲ್ಲಿ ಕೆಲವು ಪೈಥಾನ್ ಸ್ಕ್ರಿಪ್ಟ್‌ಗಳೂ ಇವೆ. ಪೈಥಾನ್‌ಗೆ ಅಂತ ಸಿಗುವ ರೆಡಿಮೇಡ್ ಗಿಟ್‌ಇಗ್ನೋರ್ ಫೈಲಿನಲ್ಲಿ (ಗಿಟ್ ಯಾವುದನ್ನು ಬಿಟ್ಟುಬಿಡಬೇಕು ಅನ್ನುವ ಪಟ್ಟಿ) ಆ ಹೆಸರು ಮೊದಲೇ ಇರುತ್ತದೆ. ಎಲ್ಲ ಫೈಲ್ ಸೇರಿಸಲು ‘ಗಿಟ್ ಆ್ಯಡ್ ಡಾಟ್’ ಕೊಟ್ಟರೆ ಇಡೀ ಫೋಲ್ಡರ್ ಸದ್ದಿಲ್ಲದೆ ಹೊರಗೆ ಉಳಿಯುತ್ತದೆ. ಫೈಲ್ ನಮ್ಮ ಡಿಸ್ಕ್‌ನಲ್ಲಿ ಇರುವುದರಿಂದ ಬಿಲ್ಡ್ ಆಗುತ್ತದೆ, ಉಳಿದವರಿಗೆ ಮಾತ್ರ ಆಗುವುದಿಲ್ಲ. ಹಾಗಾಗಿ ‘ಥರ್ಡ್ ಪಾರ್ಟಿ’ ಅಂತಲೇ ಹೆಸರಿಟ್ಟೆವು.

ಜೀಲಿಬ್ ಕಥೆ ಸ್ವಲ್ಪ ಉದ್ದ. 1.2.13 ಇಟ್ಟು ಒಮ್ಮೆ ಬಿಲ್ಡ್ ಮಾಡಿದ ಕೂಡಲೇ ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್‌ನಲ್ಲಿ ಜೀಲಿಬ್‌ನ ಜೀಕಾನ್ಫ್ ಹೆಡರ್ ಡಿಲೀಟ್ ಆಗಿದೆ ಅಂತ ಬಂತು. ಯಾರೂ ಮುಟ್ಟಿರಲಿಲ್ಲ. ಅದರ ಸಿಮೇಕ್ ಸ್ಕ್ರಿಪ್ಟ್ (ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಫೈಲ್) ತೆರೆದು ನೋಡಿದರೆ, ಬೇರೆ ಫೋಲ್ಡರ್‌ನಲ್ಲಿ ಬಿಲ್ಡ್ ಮಾಡುವಾಗ ಸೋರ್ಸ್‌ನಲ್ಲಿರುವ ಆ ಹೆಡರ್‌ನ ಹೆಸರನ್ನು ಅದೇ ಬದಲಾಯಿಸುತ್ತದೆ! ಇದನ್ನು ಹೀಗೇ ಬಿಟ್ಟರೆ ಯಾರಾದರೂ ಒಬ್ಬರು ಆ ಡಿಲೀಟನ್ನು ಕಮಿಟ್ ಮಾಡುವುದು ಗ್ಯಾರಂಟಿ. ಅದರ ಬಿಲ್ಡ್ ಸ್ಕ್ರಿಪ್ಟನ್ನೇ ಪಕ್ಕಕ್ಕಿಟ್ಟು, ಒಳಗಿನ 15 ಸಿ ಫೈಲುಗಳನ್ನು ನಮ್ಮ ಸಿಮೇಕ್‌ನಲ್ಲೇ ಪಟ್ಟಿ ಮಾಡಿದೆವು. ಈಗ ಬಿಲ್ಡ್ ಆದ ಮೇಲೂ ಸ್ಟೇಟಸ್ ಕ್ಲೀನ್.

ಕಮಿಟ್ ಮಾಡುವ ರೀತಿಯನ್ನೂ ಗಟ್ಟಿ ಮಾಡಿಕೊಂಡೆವು. ಲೈಬ್ರರಿ ಹೇಗೆ ಬಂತೋ ಹಾಗೇ ಒಂದು ಕಮಿಟ್. ಮೆಸೇಜ್‌ನಲ್ಲಿ ವರ್ಷನ್, ಡೌನ್‌ಲೋಡ್ ಮಾಡಿದ ವಿಳಾಸ, ಶಾ-256 ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಗುರುತು). ನಾವು ತಿದ್ದಿದ್ದು ಏನಾದರೂ ಇದ್ದರೆ ಅದು ಬೇರೆಯೇ ಕಮಿಟ್. ಜೀಲಿಬ್ ಲೈಸೆನ್ಸ್ ಕೂಡ ತಿದ್ದಿದ ಸೋರ್ಸನ್ನು ತಿದ್ದಿದ್ದು ಅಂತ ಸ್ಪಷ್ಟವಾಗಿ ಗುರುತಿಸಬೇಕು ಅನ್ನುತ್ತದೆ. ವಿಂಡೋಸ್ ಮಷೀನ್‌ನಲ್ಲಿ ಸಾಲಿನ ಕೊನೆಯ ಅಕ್ಷರಗಳು ಬದಲಾಗಿ ಇಡೀ ಫೈಲ್ ಬೇರೆಯಾಗಿ ಕಾಣಬಾರದು. ಅದಕ್ಕೆ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಈ ಫೋಲ್ಡರ್‌ಗೆ ‘ಮೈನಸ್ ಟೆಕ್ಸ್ಟ್’ (ಸಾಲಿನ ಕೊನೆ ಬದಲಾಯಿಸಬೇಡ ಅಂತ) ಹಾಕಿದ್ದೇವೆ.

ವರ್ಷನ್ ಬರೆದಿಡುವುದು ಶಿಸ್ತಿಗಾಗಿ ಮಾತ್ರ ಅಲ್ಲ. 2018ರಲ್ಲೇ ಗೊತ್ತಾಗಿದ್ದ ಜೀಲಿಬ್‌ನ ಒಂದು ಮೆಮೊರಿ ದೋಷಕ್ಕೆ ಮದ್ದು ಸಿಕ್ಕ ರಿಲೀಸ್ ಬಂದದ್ದು 2022ರ ಮಾರ್ಚ್‌ನಲ್ಲಿ, 1.2.12ರ ಜೊತೆ. ನಮ್ಮ ಹತ್ತಿರ ಇರುವುದು ಅದಕ್ಕಿಂತ ಹಳೆಯದೋ ಹೊಸದೋ ಅಂತ ತಕ್ಷಣ ಗೊತ್ತಾಗಬೇಕು, ಅಲ್ವಾ? ಸಿಸ್ಟಮ್ ಲೈಬ್ರರಿ ಆಗಿದ್ದರೆ ಅಪ್‌ಡೇಟ್ ತಾನಾಗಿ ಬರುತ್ತಿತ್ತು. ಒಳಗೆ ತಂದ ಮೇಲೆ ಆ ಕೆಲಸ ನಮ್ಮ ತಲೆಗೇ ಬಿತ್ತು.

ಅದನ್ನು ಈ ವಾರವೇ ಮಾಡಿ ನೋಡಿದೆವು: 1.2.13ರಿಂದ 1.3.1ಕ್ಕೆ. 1.3ರಲ್ಲಿ ಹಳೇ ಶೈಲಿಯ ಫಂಕ್ಷನ್ ಬರವಣಿಗೆಯನ್ನೆಲ್ಲ ತೆಗೆದುಹಾಕಿದ್ದಾರೆ, ಹಾಗಾಗಿ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ (ಡಿಫ್) ತೆರೆದರೆ ಎಲ್ಲಿ ನೋಡಿದರೂ ಕೆಂಪು-ಹಸಿರು. ಇದನ್ನು ಸಾಲು ಸಾಲಾಗಿ ರಿವ್ಯೂ ಮಾಡಿ ಅಂತ ಗೆಳೆಯರನ್ನು ಕೇಳುವುದು ಸರಿಯಲ್ಲ. ಮಾಡಿದರೂ ಅದು ನಾಟಕವೇ. ಅದರ ಬದಲು ಚೆಕ್‌ಸಮ್ ಕೂಡುತ್ತದೆಯೇ, ಟೆಸ್ಟ್ ಪಾಸ್ ಆಗುತ್ತದೆಯೇ ಅಂತ ಇಬ್ಬರು ತಮ್ಮ ತಮ್ಮ ಮಷೀನ್‌ನಲ್ಲಿ ನೋಡಿದರು. ನಮ್ಮ ತಿದ್ದುಪಡಿ ಬೇರೆ ಕಮಿಟ್ ಆಗಿದ್ದರಿಂದ ಹೊಸ ಕೋಡ್ ಮೇಲೆ ಮತ್ತೆ ಕೂರಿಸುವುದೂ ಕಷ್ಟವಾಗಲಿಲ್ಲ.

ಉಳಿದದ್ದು ಎಸ್‌ಡಿಎಲ್. ಅದು ದೊಡ್ಡದು, ಇಡಿಯಾಗಿ ತಂದಿಡಲು ಮನಸ್ಸಿಲ್ಲ. ಸದ್ಯಕ್ಕೆ ಸಬ್‌ಮಾಡ್ಯೂಲ್ (ಬೇರೆ ರೆಪೊಗೆ ಕೊಂಡಿ) ಮಾಡಿದ್ದೇವೆ. ನಮ್ಮ ರೆಪೊದಲ್ಲಿ ಅದರ ಕಮಿಟ್ ಹ್ಯಾಶ್ (ಯಾವ ಕಮಿಟ್ ಅಂತ ಹೇಳುವ ಗುರುತು) ಮತ್ತು ವಿಳಾಸ ಮಾತ್ರ ಇರುತ್ತದೆ. ಕ್ಲೋನ್ ಮಾಡುವಾಗ ‘ರಿಕರ್ಸ್ ಸಬ್‌ಮಾಡ್ಯೂಲ್ಸ್’ ಆಯ್ಕೆ ಕೊಡದಿದ್ದರೆ ಆ ಫೋಲ್ಡರ್ ಖಾಲಿ. ಗಿಟ್‌ಹಬ್‌ನಿಂದ ಜಿಪ್ ಇಳಿಸಿಕೊಂಡರೂ ಖಾಲಿಯೇ. ನಮ್ಮ ಗುರಿಗೆ ಇದು ಪೂರ್ತಿ ಒಗ್ಗುವುದಿಲ್ಲ. ಫೋಲ್ಡರ್ ಖಾಲಿ ಇದ್ದರೆ ಯಾವ ಕಮಾಂಡ್ ಓಡಿಸಬೇಕು ಅಂತ ಹೇಳಿ ನಿಲ್ಲುವಂತೆ ಸಿಮೇಕ್‌ನಲ್ಲಿ ಒಂದು ಚೆಕ್ ಸೇರಿಸಿದ್ದೇನೆ. ಸಬ್‌ಟ್ರೀ ಮಾಡಿದರೆ (ಅದರ ಕೋಡನ್ನೇ ನಮ್ಮ ರೆಪೊದ ಒಂದು ಫೋಲ್ಡರ್‌ಗೆ ಸೇರಿಸಿದರೆ) ವಾಸಿ ಅಂತ ಒಬ್ಬರ ವಾದ, ಅದನ್ನು ಬೇರೆ ಬ್ರಾಂಚ್‌ನಲ್ಲಿ ಅವರೇ ಮಾಡಿ ತೋರಿಸುತ್ತಾರಂತೆ.