ತಡಿಯಂಡಮೋಳ್ ಹತ್ತುವವರು ಮೊದಲು ಕ್ಯಾಲೆಂಡರ್ ನೋಡಿ

ಎರಡು ದಿನ ರಜೆ ಇದೆ, ಕೊಡಗಿನಲ್ಲಿ ಬೆಟ್ಟನೂ ಹತ್ತಬೇಕು, ಹೊಳೆಯಲ್ಲಿ ರಬ್ಬರ್ ದೋಣಿ ನಡೆಸೋ ರಾಫ್ಟಿಂಗೂ ಮಾಡಬೇಕು, ಯಾವಾಗ ಹೋಗೋದು ಅಂತ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ. ಎರಡೂ ಒಂದೇ ಸಲ ಆಗೋದಿಲ್ಲ. ರಾಫ್ಟಿಂಗ್‌ಗೆ ಹೊಳೆ ತುಂಬಿರಬೇಕು, ಅಂದರೆ ಜೂನ್‌ನಿಂದ ಸೆಪ್ಟೆಂಬರ್. ಬೆಟ್ಟಕ್ಕೆ ಮಳೆ ನಿಂತಿರಬೇಕು. ನಾನು ಇದನ್ನು ಕಲಿತಿದ್ದು ಎರಡು ಸಲ ಹೋಗಿ, ಮೊದಲ ಸಲ ಒಂದು ಕನ್ನಡಕ ಕಳೆದುಕೊಂಡು.

ಮೊದಲು ಬೆಟ್ಟದ ಕಥೆ. ಇದು ಎರಡನೇ ಸಲ ಹೋದಾಗಿನದು. ಹೋದ ನವೆಂಬರ್‌ನಲ್ಲಿ ಮೈಸೂರಿನಿಂದ ನಾಲ್ಕು ಜನ ಹೊರಟೆವು. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ಎಲ್ಲರೂ ಮಾಡುವ ತಪ್ಪು ಏನಂದರೆ ಮಡಿಕೇರಿಯಲ್ಲಿ ರೂಮ್ ಮಾಡೋದು. ಅಲ್ಲಿಂದ ಬೆಟ್ಟದ ಬುಡಕ್ಕೆ ತಿರುವು ಮುರುವಿನ ದಾರಿ, ಒಂದೂವರೆ ಗಂಟೆ ಸುಲಭವಾಗಿ ಹೋಗುತ್ತದೆ, ಮಂಜಿದ್ದರೆ ಇನ್ನೂ ಜಾಸ್ತಿ. ಬೆಟ್ಟದ ಬುಡದ ಊರು ಕಕ್ಕಬ್ಬೆಯಲ್ಲೇ ಹೋಮ್‌ಸ್ಟೇ ಹಿಡಿಯಿರಿ. ನಮ್ಮ ಹೋಮ್‌ಸ್ಟೇ ಅಂಕಲ್ ರಾತ್ರಿ ಊಟಕ್ಕೆ ಬಡಿಸುತ್ತಲೇ ಹೇಳಿದರು, "ಏಳು ಗಂಟೆಗೆ ಹೊರಡಿ, ಇಲ್ಲಾಂದ್ರೆ ಹೋಗೋದೇ ಬೇಡ". ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಕಾಚಂಪುಳಿ ಅನ್ನೋ ಕೊಡಗಿನ ಹುಳಿ ಹಾಕಿದ ಪಂದಿಕರಿ, ಅಂದರೆ ಹಂದಿ ಮಾಂಸದ ಸಾರು, ಆಗಿತ್ತು. ಅಷ್ಟು ತಿಂದು ಏಳಕ್ಕೆ ಯಾರು ಏಳ್ತಾರೆ? ಹೊರಟಾಗ ಒಂಬತ್ತೂವರೆ.

ಹೊರಡುವ ಮುಂಚೆ ಒಂದು ಕೆಲಸ ಇದೆ. ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲಿ ಟಿಕೆಟ್ ಬುಕ್ ಮಾಡಿಕೊಳ್ಳಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಸಂತೆಯ ಹಾಗೆ ಮುಗಿಬಿದ್ದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಆಯಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಬಂತು. ಶನಿವಾರ ಭಾನುವಾರದ ಟಿಕೆಟ್ ಬೇಗ ಖಾಲಿ. ನಮಗಿಂತ ಮುಂದೆ ಬೆಂಗಳೂರಿನ ಬೈಕ್ ಹುಡುಗರು ಆರು ಜನ ಟಿಕೆಟ್ ಇಲ್ಲದೆ ಬಂದು ಚೆಕ್‌ಪೋಸ್ಟ್‌ನಲ್ಲಿ ಜಗಳ ಆಡುತ್ತಿದ್ದರು, ಪಾಪ, ವಾಪಸ್ ಹೋದರು. ಟಿಕೆಟ್ ಜೊತೆ ಗುರುತಿನ ಚೀಟಿನೂ ಇಟ್ಟುಕೊಳ್ಳಿ. ಟೆಂಟ್ ಹೊತ್ತುಕೊಂಡು ಬರಬೇಡಿ, ಮೇಲೆ ರಾತ್ರಿ ಉಳಿಯೋ ಹಾಗಿಲ್ಲ.

ದಾರಿ ಶುರುವಾಗೋದು ನಾಲ್ಕುನಾಡು ಅರಮನೆ ಹತ್ತಿರ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ಅಂದ ಕೂಡಲೇ ಮೈಸೂರು ನೆನೆಸಿಕೊಳ್ಳಬೇಡಿ, ದೊಡ್ಡ ತೊಟ್ಟಿ ಮನೆಯ ಹಾಗಿದೆ. ಇಳಿದು ಬಂದ ಮೇಲೆ ನೋಡಿ, ಹತ್ತುವ ಮುಂಚೆ ಅಲ್ಲಿ ಹೊತ್ತು ಕಳೆಯಬೇಡಿ.

ಮೊದಲು ಸ್ವಲ್ಪ ದೂರ ಕಾಫಿ ತೋಟದ ಪಕ್ಕದ ಜೀಪ್ ರಸ್ತೆ, ಆಮೇಲೆ ಕಾಡು, ಆಮೇಲೆ ಹುಲ್ಲುಗಾವಲು. ಅರ್ಧ ದಾರಿಯವರೆಗೆ "ಇಷ್ಟೇನಾ" ಅನ್ನಿಸುತ್ತದೆ. ಒಂದು ದೊಡ್ಡ ಬಂಡೆ ಸಿಗುತ್ತದೆ, ಎಲ್ಲರೂ ಅಲ್ಲಿ ಕೂತು ಫೋಟೋ ತೆಗೆಯುತ್ತಾರೆ, ಅಲ್ಲಿಂದ ಮುಂದೆ ನಿಜವಾದ ಹತ್ತುವಿಕೆ. ಕೊನೆಗೆ ಶೋಲಾ ಕಾಡಿನೊಳಗೆ, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಕಾಡಿನೊಳಗೆ, ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಏರಬೇಕು, ಅಲ್ಲಿ ಬಿಸಿಲೇ ಬೀಳೋದಿಲ್ಲ, ನವೆಂಬರ್‌ನಲ್ಲೂ ನೆಲ ಒದ್ದೆ.

ಸರಿಯಾಗಿ ಅಲ್ಲೇ ನಮ್ಮ ಗೆಳೆಯನ ಶೂ ತಳ ಬಿಟ್ಟುಕೊಂಡಿತು. ಎರಡು ವರ್ಷ ಅಟ್ಟದ ಮೇಲೆ ಇಟ್ಟಿದ್ದ ಶೂ, ನೋಡೋಕೆ ಹೊಸದರ ಹಾಗೇ ಇತ್ತು, ಅಂಟು ಒಣಗಿ ಹೋಗಿತ್ತು. ಟವೆಲ್ ಹರಿದು ಪಟ್ಟಿ ಮಾಡಿ ಕಟ್ಟಿದೆವು. ಅದರಲ್ಲೇ ತುದಿ ಮುಟ್ಟಿದ, ಅದರಲ್ಲೇ ಇಳಿದ, ಆದರೆ ಒಂದು ಗಂಟೆ ಹೆಚ್ಚು ಹಿಡಿಯಿತು. ಹಳೇ ಶೂ ಇದ್ದರೆ ಹೊರಡುವ ವಾರ ಮೊದಲು ಹಾಕಿಕೊಂಡು ದಿನಾ ಓಡಾಡಿ. ಹೊಸದಾದರೂ ಅಷ್ಟೇ, ಒಂದು ಸಲವೂ ಹಾಕದೆ ತಂದರೆ ಹಿಮ್ಮಡಿ ಚರ್ಮ ಕಿತ್ತುಬರುತ್ತದೆ.

ತುದಿಗೆ ಬಂದಾಗ ಒಂದೂವರೆ. ಮಂಜು ಬಂದುಬಿಟ್ಟಿತ್ತು. ಪಕ್ಕದಲ್ಲಿ ನಿಂತವನ ಮುಖ ಬಿಟ್ಟರೆ ಏನೂ ಕಾಣಿಸಲಿಲ್ಲ. ಬೆಳಿಗ್ಗೆ ಬೇಗ ಹತ್ತಿ ಎದುರು ಇಳಿಯುತ್ತಿದ್ದ ಕೇರಳದವರು ಸುತ್ತಲಿನ ಬೆಟ್ಟ ಎಲ್ಲ ಕಂಡಿತು ಅಂದರು. ಅಂಕಲ್ ಮಾತು ಆಗ ನೆನಪಾಯಿತು. ಇಳಿಯೋವಾಗ ಮಂಡಿ ನೋವು ಖಂಡಿತ, ಒಂದು ಕೋಲು ಇರಲಿ. ಸಂಜೆ ಕತ್ತಲಾಗೋ ಮುಂಚೆ ಕಾಡಿನಿಂದ ಹೊರಗೆ ಬಂದಿರಿ, ಆನೆ ಓಡಾಡುವ ಜಾಗ ಇದು, ಸುಮ್ನೆ ಹೆದರಿಸುತ್ತಿಲ್ಲ.

ಇನ್ನು ಮಳೆಗಾಲಕ್ಕೆ ಬರೋಣ. ದುಬಾರೆಯಲ್ಲಿ ಕಾವೇರಿ ಮೇಲೆ ರಾಫ್ಟಿಂಗ್ ಇದೆ, ಮಕ್ಕಳು, ಮನೆಯವರ ಜೊತೆ ಬಂದವರಿಗೆ ಅದು ಸಾಕು. ಜೋರು ಬೇಕು ಅನ್ನುವವರು ದಕ್ಷಿಣ ಕೊಡಗಿನ ಬರಪೊಳೆಗೆ ಹೋಗಿ. ಪಶ್ಚಿಮಕ್ಕೆ ಹರಿದು ಕೇರಳ ಸೇರುವ ಹೊಳೆ, ಬಂಡೆಗಳ ನಡುವೆ ಧುಮುಕುತ್ತದೆ. ಹೆಲ್ಮೆಟ್ಟು, ಲೈಫ್ ಜಾಕೆಟ್ಟು ಕೊಡುತ್ತಾರೆ. ಜಾಕೆಟ್‌ನ ಬೆಲ್ಟ್ ನೀವೇ ಎಳೆದು ನೋಡಿ, ಹೆಗಲ ಹತ್ತಿರ ಹಿಡಿದು ಎತ್ತಿದರೆ ಕಿವಿವರೆಗೆ ಬಂದರೆ ಅದು ಸಡಿಲ. ನೀರಿಗೆ ಬಿದ್ದರೆ ಎದ್ದು ನಿಲ್ಲೋಕೆ ಹೋಗಬೇಡಿ, ಕಾಲು ಬಂಡೆ ಸಂದಿಗೆ ಸಿಕ್ಕಿಕೊಂಡರೆ ಕಷ್ಟ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ ನೀರಿನ ಜೊತೆ ಹೋಗಿ. ನಾನು ಹಾಗೇ ಹೋದೆ, ಪ್ರಾಣ ಉಳಿಯಿತು, ದಾರ ಕಟ್ಟದ ಕನ್ನಡಕ ಮಾತ್ರ ಇಷ್ಟು ಹೊತ್ತಿಗೆ ಕಣ್ಣೂರು ಕಡೆ ಎಲ್ಲೋ ಇರಬೇಕು.

ಮಳೆ ತೀರಾ ಜೋರಾದರೆ ರಾಫ್ಟಿಂಗ್ ನಿಲ್ಲಿಸುತ್ತಾರೆ. ಆಗ ವಾದ ಮಾಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಿದ್ದನ್ನು ಕಂಡ ಊರಿನವರು ಬೇಡ ಅಂದರೆ ಬೇಡ. ಹೊರಡುವ ಹಿಂದಿನ ದಿನ ಹೋಮ್‌ಸ್ಟೇಗೆ ಫೋನ್ ಮಾಡಿ ರಸ್ತೆ ಹೇಗಿದೆ ಕೇಳಿ. ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಚೆಂದ ಕಾಣಲ್ಲ, ಆದರೂ ಸೇರಿಸಿ.

ಕೊಡಗಿಗೆ ರೈಲಿಲ್ಲ, ಮೈಸೂರಿನವರೆಗೆ ರೈಲಲ್ಲಿ ಬರಬಹುದು. ಬಸ್ಸಲ್ಲಿ ಬರುವವರು ವಿರಾಜಪೇಟೆಗೆ ಬಂದು ಅಲ್ಲಿಂದ ಕಕ್ಕಬ್ಬೆ ಬಸ್ ಹಿಡಿಯಿರಿ. ದುಡ್ಡು, ಪೆಟ್ರೋಲು ವಿರಾಜಪೇಟೆಯಲ್ಲೋ ನಾಪೋಕ್ಲಿನಲ್ಲೋ ಮುಗಿಸಿಕೊಳ್ಳಿ. ಬೆಟ್ಟದ ಕಡೆ ನೆಟ್‌ವರ್ಕ್ ನೆಚ್ಚಿಕೊಳ್ಳೋ ಹಾಗಿಲ್ಲ, ಟಿಕೆಟ್‌ನ ಸ್ಕ್ರೀನ್‌ಶಾಟ್ ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಳ್ಳಿ.