ಪುಲ್ಮೋಟ್ಟೈಯ ಆಸ್ಪತ್ರೆ ಮತ್ತು ಜಿನೀವಾದ ಮತ

ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಭವಾನಿಸಾಗರಕ್ಕೆ ಹೋದರೆ ಶ್ರೀಲಂಕಾದಿಂದ ಬಂದ ತಮಿಳು ನಿರಾಶ್ರಿತರ ವಸತಿ ಸಿಗುತ್ತದೆ. ನಾವೆಲ್ಲ ಅದನ್ನು ಕ್ಯಾಂಪು ಎಂದೇ ಕರೆಯುವುದು. 2009ರ ಬೇಸಿಗೆಯಲ್ಲಿ ಅಲ್ಲಿಯ ಹಿರಿಯರೊಬ್ಬರು ರೇಡಿಯೋವನ್ನು ಕಿವಿಗೊತ್ತಿಕೊಂಡು, ಶ್ರೀಲಂಕಾದ ಈಶಾನ್ಯ ತೀರದ ಮುಲ್ಲೈತೀವಿನ ಕಡೆ ಉಳಿದಿದ್ದ ತಂಗಿಯ ಊರಿನ ಹೆಸರು ಬರುತ್ತದೆಯೇ ಎಂದು ಕಾಯುತ್ತಿದ್ದುದನ್ನು ಕಂಡಿದ್ದೇನೆ. ಶ್ರೀಲಂಕಾ ಸೇನೆಗೂ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಗೂ ನಡೆದ ಆ ಕೊನೆಯ ಯುದ್ಧದಲ್ಲಿ ಸಿಕ್ಕಿಬಿದ್ದ ಜನರ ಬಗ್ಗೆ ನಮ್ಮ ಸರ್ಕಾರ ಏನು ಹೇಳಿತು, ಯಾವಾಗ ಹೇಳಿತು ಎಂಬುದನ್ನು ಅಂದಿನಿಂದ ಬಿಡದೆ ಓದುತ್ತ ಬಂದಿದ್ದೇನೆ.

ಹೇಳಲೇ ಇಲ್ಲವೆಂದಲ್ಲ. ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಆ ಜನವರಿಯಲ್ಲೇ ಕೊಲಂಬೊಗೆ ಹೋಗಿ ನಾಗರಿಕರ ಸುರಕ್ಷತೆಯ ಮಾತೆತ್ತಿದರು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಎಂ.ಕೆ. ನಾರಾಯಣನ್ ಮತ್ತು ವಿದೇಶಾಂಗ ಕಾರ್ಯದರ್ಶಿ ಶಿವಶಂಕರ್ ಮೆನನ್ ಹೋಗಿಬಂದರು. ಅದೇ ತಿಂಗಳ 27ರಂದು, ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಕರುಣಾನಿಧಿಯವರು ಯುದ್ಧ ನಿಲ್ಲಲೆಂದು ಚೆನ್ನೈನ ಮರೀನಾ ತೀರದಲ್ಲಿ ಉಪವಾಸ ಕುಳಿತ ದಿನವೇ, ಭಾರಿ ಶಸ್ತ್ರಗಳನ್ನು ಇನ್ನು ಬಳಸುವುದಿಲ್ಲವೆಂದು ಶ್ರೀಲಂಕಾ ಘೋಷಿಸಿತು. ಆಮೇಲೂ ಷೆಲ್ ದಾಳಿ ನಿಲ್ಲಲಿಲ್ಲವೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ ತಜ್ಞರ ಸಮಿತಿ 2011ರ ವರದಿಯಲ್ಲಿ ಬರೆಯಿತು. ಸತ್ತ ನಾಗರಿಕರು 40,000ದಷ್ಟಿರಬಹುದೆಂಬುದನ್ನು ಅಲ್ಲಗಳೆಯಲಾಗದು ಎಂದ ಆ ವರದಿ, ತಪ್ಪಿಸಿಕೊಳ್ಳಲು ಹೊರಟವರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸಿದ್ದನ್ನೂ ಮುಚ್ಚಿಡಲಿಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. 2008ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಿಬ್ಬಂದಿ ಎಲ್‌ಟಿಟಿಇ ಹಿಡಿತದಲ್ಲಿದ್ದ ಉತ್ತರದ ಕಿಳಿನೊಚ್ಚಿಯನ್ನು ಬಿಟ್ಟುಬಂದ ಮೇಲೆ, ಒಳಗೆ ನಡೆಯುವುದಕ್ಕೆ ಹೊರಗಿನ ಸಾಕ್ಷಿಗಳು ಬಹಳ ಕಡಿಮೆಯಾದರು. ಆದರೆ ಭಾರತದ ಬಳಿ ಸಾಕ್ಷ್ಯವಿತ್ತು. 2009ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಟ್ರಿಂಕೋಮಲಿಯ ಉತ್ತರಕ್ಕಿರುವ ಪುಲ್ಮೋಟ್ಟೈಯಲ್ಲಿ ತುರ್ತು ಆಸ್ಪತ್ರೆ ತೆರೆಯಿತು. ಯುದ್ಧಭೂಮಿಯ ಕಡಲಂಚಿನಿಂದ ರೆಡ್‌ಕ್ರಾಸ್ ಹಡಗಿನಲ್ಲಿ ಸಾಗಿಸಿ ತಂದ ಗಾಯಾಳುಗಳಿಗೆ ಅಲ್ಲಿ ಚಿಕಿತ್ಸೆ ಕೊಟ್ಟವರು ಭಾರತದ ವೈದ್ಯರು. ಅದು ನಿಜವಾಗಿ ದೊಡ್ಡ ಕೆಲಸ, ಅದನ್ನು ನಾನು ಎಂದೂ ಕಡಿಮೆಯೆಣಿಸುವುದಿಲ್ಲ. ಆದರೆ ಗಾಯ ತೊಳೆದು ಕಟ್ಟಿದ ಕೈಗೆ ಆ ಗಾಯ ಹೇಗಾಯಿತೆಂಬುದು ತಿಳಿಯದೆ ಇರುತ್ತದೆಯೇ? ಅಷ್ಟಾಗಿಯೂ, ಯುದ್ಧ ಮುಗಿದ ಹತ್ತು ದಿನದೊಳಗೆ, ಮೇ 27ರಂದು, ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಶ್ರೀಲಂಕಾ ತಾನೇ ಮುಂದಿಟ್ಟ, ಸ್ವತಂತ್ರ ತನಿಖೆಯನ್ನು ಕೇಳದ ನಿರ್ಣಯದ ಪರವಾಗಿ ಭಾರತ ಮತ ಹಾಕಿತು. ಪರ 29, ವಿರೋಧ 12, ತಟಸ್ಥ 6.

ಮುಂದಿನದು ಹೊಯ್ದಾಟದ ಕಥೆ. 2012ರಲ್ಲಿ ಅದೇ ಮಂಡಳಿಯಲ್ಲಿ ಯುದ್ಧಕಾಲದ ಹೊಣೆಗಾರಿಕೆ ಕೇಳಿದ ಅಮೆರಿಕದ ನಿರ್ಣಯಕ್ಕೆ, ವಿಶ್ವಸಂಸ್ಥೆಯ ನೆರವು ಶ್ರೀಲಂಕಾದ ಸಮ್ಮತಿಯಿದ್ದರೆ ಮಾತ್ರ ಎಂಬ ಅರ್ಥದ ಮಾತನ್ನು ಅದರಲ್ಲಿ ಸೇರಿಸಿ, ಭಾರತ ಬೆಂಬಲ ಕೊಟ್ಟಿತು, 2013ರಲ್ಲೂ ಕೊಟ್ಟಿತು. ಅಂತರರಾಷ್ಟ್ರೀಯ ತನಿಖೆಯ ಮಾತು ಬಂದ 2014ರಲ್ಲಿ ಮತದಾನದಿಂದ ದೂರ ಉಳಿಯಿತು, 2021ರಲ್ಲೂ ಹಾಗೆಯೇ.

ನೆರೆಯ ದೇಶದ ಸಾರ್ವಭೌಮತ್ವ, ಚೀನಾದ ನೆರಳು, 1987ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಬಂದ, ಪ್ರಾಂತ್ಯಗಳಿಗೆ ಅಧಿಕಾರ ಹಂಚುವ ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿಯನ್ನು ಕೊಲಂಬೊದಿಂದಲೇ ಜಾರಿ ಮಾಡಿಸಬೇಕಾದ ಅನಿವಾರ್ಯತೆ, ಈ ಕಾರಣಗಳು ಹಗುರವಾದವಲ್ಲ. 2012ರ ಮತ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದು ಮೂರು ವರ್ಷ ತಡವಾಗಿ ಬಂತು. ಹೊರಗಿನ ವೀಕ್ಷಕರನ್ನು ಒಳಗೆ ಬಿಡಿ ಎಂದು ದೆಹಲಿ ಬಹಿರಂಗವಾಗಿ ಪಟ್ಟು ಹಿಡಿಯಬೇಕಾಗಿದ್ದುದು 2009ರ ಫೆಬ್ರವರಿಯಲ್ಲಿ, ಜನ ಇನ್ನೂ ಬದುಕಿದ್ದಾಗ. ಅದು ಆಗಲಿಲ್ಲವೆಂದಾದರೆ, ಮೇ 27ರ ಮತಕ್ಕೆ ಮುಂಚೆ ಪುಲ್ಮೋಟ್ಟೈಯ ವೈದ್ಯರು ಕಂಡದ್ದನ್ನಾದರೂ ಆ ಸಭೆಯ ಮುಂದೆ ಇಡಬಹುದಿತ್ತು.