ಬೆಳ್ಳಗಿಲ್ಲದ ಹಿಮ

ರಷ್ಯಾದ ವಸೀಲಿ ಪೆರೋವ್ 1865ರಲ್ಲಿ ರಚಿಸಿದ, ಶವವನ್ನು ಹಿಮಗಾಡಿಯಲ್ಲಿ ಮಣ್ಣಿಗೆ ಒಯ್ಯುವ ತೈಲಚಿತ್ರವನ್ನು ಪುಸ್ತಕವೊಂದರಿಂದ ನಕಲು ಮಾಡಲು ಕುಳಿತವನು ಮೊದಲ ದಿನವೇ ಸೋತೆ. ಹಿಮವೆಂದರೆ ಬಿಳುಪು ಎಂಬ ನಂಬಿಕೆಯಲ್ಲಿ ಟೈಟಾನಿಯಂ ವೈಟನ್ನು ಟ್ಯೂಬಿನಿಂದ ಹಿಂಡಿ ಹಾಗೆಯೇ ಬಳಿದಿದ್ದೆ. ಕ್ಯಾನ್ವಾಸ್ ಹಬ್ಬದ ಬೆಳಗಿನಂತೆ ಹೊಳೆಯಿತೇ ಹೊರತು ಅದರಲ್ಲಿ ಚಳಿಯೂ ಇರಲಿಲ್ಲ, ಸಾವೂ ಇರಲಿಲ್ಲ.

ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿರುವ ಮೂಲಚಿತ್ರ ದೊಡ್ಡದೇನಲ್ಲ, ಅಗಲ ಸುಮಾರು 57 ಸೆಂ.ಮೀ. ಅಷ್ಟೇ. ರಷ್ಯಾದಲ್ಲಿ ರೈತರ ಜೀತ ರದ್ದಾದದ್ದು 1861ರಲ್ಲಿ. ಆದರೆ ನಾಲ್ಕು ವರ್ಷಗಳ ನಂತರದ ಈ ಚಿತ್ರದಲ್ಲಿ ಸತ್ತ ರೈತನನ್ನು ಕಳುಹಿಸಲು ಹೆಂಡತಿ, ಇಬ್ಬರು ಮಕ್ಕಳು, ಒಂದು ಕುದುರೆ, ಒಂದು ನಾಯಿ ಬಿಟ್ಟರೆ ಯಾರೂ ಬಂದಿಲ್ಲ. ವಿಧವೆ ನಮಗೆ ಬೆನ್ನು ಮಾಡಿ ಕುಳಿತಿದ್ದಾಳೆ. ಅವಳ ಮುಖದಲ್ಲಿ ಓದಬೇಕಾದದ್ದನ್ನು ನಾವು ಬಾಗಿದ ಆ ಬೆನ್ನಿನಲ್ಲಿ, ತಲೆ ತಗ್ಗಿಸಿ ಏರು ಹತ್ತುವ ಕುದುರೆಯ ಕತ್ತಿನಲ್ಲಿ ಓದುತ್ತೇವೆ. ಎರಡರದೂ ಒಂದೇ ಬಾಗು. ಅಳುವ ಮುಖವನ್ನು ಬರೆದಿದ್ದರೆ ಚಿತ್ರ ಅಗ್ಗವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಇನ್ನು ಆ ಹಿಮ. ಅದು ಬೂದು, ಮಾಸಿದ ಹಳದಿ, ಕಂದು ಬಣ್ಣಗಳ ಕಲಬೆರಕೆ. ನೆಲ ಅಷ್ಟು ಮಂಕಾಗಿರುವುದರಿಂದಲೇ ಕಪ್ಪು ಮೋಡದ ಪಕ್ಕದ ಹಳದಿ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಆದರೆ ಬೆಚ್ಚಗೆ ಮಾಡುವುದಿಲ್ಲ. ಎರಡನೆಯ ಸಲ ನಾನು ಬಿಳಿಗೆ ಓಕರ್ ಎಂಬ ಮಣ್ಣುಹಳದಿಯನ್ನೂ ಅಂಬರ್ ಎಂಬ ಮಣ್ಣುಕಂದನ್ನೂ ಬೆರೆಸಿಕೊಂಡೆ. ಅಗಸೆ ಎಣ್ಣೆಯ ಬಣ್ಣ ಒಣಗಲು ದಿನಗಳೇ ಬೇಕಾಗುವುದರಿಂದ, ಕುದುರೆಯ ಕಾಲು ಹಿಮಕ್ಕೆ ಇಳಿಯುವ ಕಡೆ ಹಸಿ ಕಂದನ್ನು ಹಸಿ ಬೂದಿನೊಳಕ್ಕೆ ಒಣಕುಂಚದಿಂದ ಎಳೆದೆ. ಅಂಚು ಕರಗಿದ್ದೇ ತಡ, ಕಾಲಿಗೆ ಭಾರ ಬಂತು.

ಇದಕ್ಕೆ ವ್ಯತಿರಿಕ್ತವಾದದ್ದು ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿರುವ ಆಗಸ್ಟ್ ಶೆಂಕ್‌ನ ದೊಡ್ಡ ಚಿತ್ರ: ಹಿಮದಲ್ಲಿ ಸತ್ತ ಮರಿಯ ಮೇಲೆ ನಿಂತು ಕೂಗುವ ತಾಯಿಕುರಿ, ಸುತ್ತ ಕಾದಿರುವ ಕಾಗೆಗಳು. ಕಾಗೆಗಳ ಸಾಲು ನನಗೆ ತುಸು ನಾಟಕೀಯವೆನಿಸುತ್ತದೆ. ಆದರೆ ಕುರಿಯ ಬಾಯಿಂದ ಹೊರಟ ಉಸಿರಿನ ಆವಿಯ ಬಗ್ಗೆ ತಕರಾರಿಲ್ಲ. ಒಣಗಿದ ಬಣ್ಣದ ಮೇಲೆ ಬಿಳಿಯನ್ನು ಅರೆಪಾರದರ್ಶಕವಾಗಿ ಸವರಬಲ್ಲವರಿಗಷ್ಟೇ ಅಂಥದ್ದು ಒಲಿಯುತ್ತದೆ.

ನನ್ನ ನಕಲಿನಲ್ಲಿ ಕುದುರೆ ಈಗ ಏರು ಹತ್ತುತ್ತಿದೆ. ನಾಯಿಯ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ.